ನಾಲ್ಕನೇ ಚಾರ್ಟು

ನಮ್ಮಪ್ಪನ ಪಾಲಿನ ಸಿಟ್ಟನ್ನೂ ದೇವರು ನನಗೇ ಕೊಟ್ಟಾನ ಅಂತ ನಮ್ಮವ್ವ ಯಮನಮ್ಮ ಆಡಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ. ಅಪ್ಪ ಗ್ಯಾನಪ್ಪ ಊರಿಗೇ ಒಳ್ಳೆಯವನು. ಎತ್ತು ಕಾಲು ತುಳಿದರೆ ಎತ್ತಿಗೆ ನೋವಾಯಿತೇನೋ ಅಂತ ಬಗ್ಗಿ ನೋಡುವ ಮನುಷ್ಯ. ಇಂಥ ಒಳ್ಳೆಯವರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಐವತ್ತು ವರ್ಷ ದಾಟಿತು, ನನಗಿನ್ನೂ ಇಳಿದಿಲ್ಲ.

ಮೊದಲು ಹೊಲದ ವಿಷಯ ಹೇಳಿಬಿಡುತ್ತೇನೆ. ಸಿಂಧನೂರಿನ ಹತ್ತಿರ ಗೊರೇಬಾಳ ನಮ್ಮೂರು. ಊರ ಹೊರಗೆ ಎಂಟು ಎಕರೆ ಎರೆಹೊಲ ನಮ್ಮದಿತ್ತು. ನನಗೆ ಐದೋ ಆರೋ ವರ್ಷವಿದ್ದಾಗ ಅದರ ತಲೆಯ ಮೇಲೇ ಕಾಲುವೆ ಬಂತು. ನಮ್ಮ ಮಂದಿಗೆ ಜೋಳ ಗೊತ್ತು, ಸಜ್ಜೆ ಗೊತ್ತು, ಕುರಿ ಗೊತ್ತು. ನೀರು ನಿಲ್ಲಿಸಿ ಬೆಳೆಯುವ ಭತ್ತ ಯಾರಪ್ಪನಿಗೆ ಗೊತ್ತಿತ್ತು? ಹೊಲ ಮಟ್ಟ ಮಾಡಬೇಕು, ಒಡ್ಡು ಹಾಕಬೇಕು, ನೀರು ಬಿಡುವ, ತೆಗೆಯುವ ಲೆಕ್ಕ ತಿಳಿಯಬೇಕು. ಅಪ್ಪ ತಲೆ ಕೆರೆದುಕೊಂಡು ಕೂತಿದ್ದಾಗ ನಮ್ಮೂರ ಗೋಪಣ್ಣ ಬಂದ. ಅವನಿಗೆ ಟ್ರ್ಯಾಕ್ಟರು ತರಿಸುವಷ್ಟು ತಾಕತ್ತಿತ್ತು. ಹೊಲ ನಾನೇ ಮಟ್ಟ ಮಾಡುತ್ತೇನೆ, ಐದು ವರ್ಷ ನಾನು ಉಣ್ಣುತ್ತೇನೆ, ಆರನೇ ವರ್ಷ ಭತ್ತದ ಗದ್ದೆಯಾಗಿ ನಿನ್ನ ಕೈಗೆ ಕೊಡುತ್ತೇನೆ ಅಂದ. ನಮ್ಮ ಮನೆಯ ದೇವರ ಜಗುಲಿಯ ಮುಂದೆ ಕೂತು ಮೈಲಾರಲಿಂಗನ ಭಂಡಾರ ಮುಟ್ಟಿ ಅಂದ.

ಭಂಡಾರ ಅಂದರೆ ಅರಿಷಿಣದ ಪುಡಿ. ಆದರೆ ದೇವರ ಮುಂದಿಟ್ಟ ಮೇಲೆ ಅದು ಅರಿಷಿಣವಲ್ಲ. ನಮ್ಮಲ್ಲಿ ಭಂಡಾರ ಮುಟ್ಟಿ ಹೇಳಿದ ಮಾತಿಗೆ ಮೇಲ್ಮಾತಿಲ್ಲ. ಹೆಣ್ಣು ಗೊತ್ತು ಮಾಡುವುದು, ಕುರಿ ಪಾಲಿಗೆ ಕೊಡುವುದು, ಅಣ್ಣತಮ್ಮಂದಿರು ಮನೆ ಹಂಚಿಕೊಳ್ಳುವುದು, ಎಲ್ಲಾ ಅದರ ಮೇಲೇ. ಹಾಗಾಗಿ ಮರುದಿನ ಗೋಪಣ್ಣ, ಸರ್ಕಾರಕ್ಕೆ ತೋರಿಸಲು ಒಂದು ಕಾಗದ ಬೇಕು ಬಾ ಅಂದಾಗ ಅಪ್ಪ ಬಸ್ಸು ಹತ್ತಿ ಹೋಗಿ ಎರಡು ಪ್ರತಿಗೆ ಹೆಬ್ಬೆಟ್ಟು ಒತ್ತಿ, ಒಂದನ್ನು ಹಿಡಿದುಕೊಂಡು ಬಂದ. ಮಾತು ಮನೆಯಲ್ಲಿ ಮುಗಿದಿತ್ತಲ್ಲ. ಕಾಗದದಲ್ಲಿ ಏನು ಬರೆದಿದೆ ಅಂತ ಕೇಳುವುದು ಗೋಪಣ್ಣನಿಗೆ ಅವಮಾನ ಮಾಡಿದಂತೆ ಅಂತ ಅವನ ಲೆಕ್ಕ.

ಆಂಧ್ರದಿಂದ ಬಂದವರು ನಮ್ಮ ಹೊಲ ಹೊಡೆದುಕೊಂಡರು ಅಂತ ಈಗ ಕಟ್ಟೆಯ ಮೇಲೆ ಕೂತು ಹೇಳುವವರು ಬಹಳ. ಇರಬಹುದು, ಅವರವರ ಕತೆ ಅವರವರಿಗೆ. ನಮ್ಮ ಹೊಲ ಹೊಡೆದವನು ನಮ್ಮ ಓಣಿಯವನೇ. ನನ್ನ ತೊಟ್ಟಿಲು ಶಾಸ್ತ್ರಕ್ಕೆ ಬಂದು ಉಂಡು ಹೋದವನು.

ಐದು ವರ್ಷ ಕಳೆಯಿತು. ಹೊಲ ಕೇಳಲು ಹೋದ ಅಪ್ಪನಿಗೆ ಗೋಪಣ್ಣ, ಕಾಗದ ಓದಿಸಿಕೊಂಡು ಬಾ ಅಂದ. ಅಪ್ಪ ಓದಿಸಲಿಲ್ಲ, ಮನೆಗೆ ಬಂದ. "ಕೊಡ್ತಾನ. ಭಂಡಾರ ಮುಟ್ಟ್ಯಾನ, ಎಲ್ಲಿಗೆ ಹೋಗ್ತಾನ?" ಅಂದ. ಆಮೇಲೆ ಅದೇ ಹೊಲದಲ್ಲಿ ಗೋಪಣ್ಣನ ಆಳಾಗಿ ನೀರು ಕಟ್ಟಲು ಹೋಗತೊಡಗಿದ. ತನ್ನದೇ ಮಣ್ಣಿನಲ್ಲಿ ಮೊಣಕಾಲುದ್ದ ನಿಂತು ಪರರ ಭತ್ತಕ್ಕೆ ನೀರು ಹಾಯಿಸಿ, ಸಂಜೆ ಬಂದು ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ಅಮೆರಿಕದ ಕೆಂಪು ಜೋಳದ ರೊಟ್ಟಿ ಉಣ್ಣುತ್ತಿದ್ದ. ಜೋಳದ ನಾಡಿನವರು ನಾವು. ಆ ರೊಟ್ಟಿ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಹೊಲ ಬರಲಿ ಬಿಡಲಿ, ನಾಲ್ಕು ಮಂದಿಯ ಮುಂದೆ ಒಂದು ಸಲ ಅಪ್ಪನ ಬಾಯಿಂದ, ಹೊಲ ನಂದು, ನಾ ಮಾರಿಲ್ಲ ಅನ್ನುವ ಮಾತು ಬರಬೇಕು. ಗೋಪಣ್ಣನ ಮುಖದ ಮೇಲೇ ಬರಬೇಕು.

ನಾನು ಸಿಂಧನೂರಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ಹತ್ತನೇ ಇಯತ್ತೆಯಲ್ಲಿ ಹುಡುಗಿಯರು ಇಬ್ಬರೇ, ನಾನು ಮತ್ತು ಶೇಖರಮ್ಮ. ಆ ವರ್ಷ ಲಿಂಗಸುಗೂರಿನಲ್ಲಿ ಸುತ್ತಲಿನ ಶಾಲೆಗಳ ವಸ್ತುಪ್ರದರ್ಶನ ಇಟ್ಟರು. ಒಬ್ಬೊಬ್ಬರಿಗೆ ಒಂದೊಂದು ವಿಷಯ. ನಮ್ಮಿಬ್ಬರ ಚೀಟಿಯಲ್ಲಿ ಬಂದದ್ದು ಅಮೆರಿಕದ ಇತಿಹಾಸ. ಹೆಡ್ ಮಾಸ್ತರಿಗೆ ಖುಷಿಯೋ ಖುಷಿ. ಮನುಷ್ಯ ಚಂದ್ರನ ಮೇಲೆ ಇಳಿದು ಆರು ತಿಂಗಳಾಗಿರಲಿಲ್ಲ. ಮೂರು ಚಾರ್ಟು ಸಾಕು ಅಂದರು: ಒಂದು ಕಂಡುಹಿಡಿದದ್ದು, ಒಂದು ಸ್ವಾತಂತ್ರ್ಯ, ಒಂದು ಚಂದ್ರ. ನಡುವಿನ ನಾನೂರು ಚಿಲ್ಲರೆ ವರ್ಷದಲ್ಲಿ ಅಲ್ಲಿ ಬೇರೆ ಏನೂ ಆಗಿಲ್ಲ ಅನ್ನುವಂತೆ.

ಶಾಲೆಯ ಕಪಾಟಿನಲ್ಲಿ ಅಮೆರಿಕದವರು ಪುಕ್ಕಟೆ ಕಳಿಸುತ್ತಿದ್ದ ಪತ್ರಿಕೆಗಳಿದ್ದವು. ನುಣುಪು ಕಾಗದ, ಬಣ್ಣದ ಚಿತ್ರ. ಓದಿದವರು ಯಾರೂ ಇಲ್ಲ, ಎಲ್ಲರೂ ಪುಸ್ತಕಕ್ಕೆ ರಟ್ಟು ಹಾಕಲು ಹರಿದುಕೊಂಡಿದ್ದರು. ಉಳಿದವುಗಳಿಂದ ರಾಕೆಟ್ಟು, ಬಾವುಟ, ಎತ್ತರದ ಮನೆಗಳನ್ನು ಕತ್ತರಿಸಿ ಶೇಖರಮ್ಮ ಅಂಟಿಸಿದಳು. ಅವಳ ಕೈ ಚೆಂದ. ನನಗೆ ಗೋಂದು ಹಚ್ಚುವುದೂ ನೆಟ್ಟಗೆ ಬರುತ್ತಿರಲಿಲ್ಲ, ಅದಕ್ಕೆ ಬರೆಯುವ, ಹೇಳುವ ಕೆಲಸ ನನ್ನದಾಯಿತು. ಹೇಳಲು ಏನಾದರೂ ಬೇಕಲ್ಲ. ಸಮಾಜ ಪಾಠದ ಉಸ್ಮಾನ್‌ಸಾಬ್ ಮಾಸ್ತರನ್ನು ಹಿಡಿದುಕೊಂಡೆ.

ಉಸ್ಮಾನ್‌ಸಾಬ್ ಮಾಸ್ತರು ಹೈದರಾಬಾದಿನಲ್ಲಿ ಓದಿದವರು. ಅವರ ಮನೆಯ ಟ್ರಂಕಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್ ಇತಿಹಾಸದ ಪುಸ್ತಕವಿತ್ತು. ಶಾಲೆ ಬಿಟ್ಟ ಮೇಲೆ ಅವರು ಓದಿ ಅರ್ಥ ಹೇಳುವುದು, ನಾನು ಬರೆದುಕೊಳ್ಳುವುದು, ಹೀಗೆ ಹದಿನೈದು ದಿನ ನಡೆಯಿತು. ಹಡಗಿನಲ್ಲಿ ಹೊರಟವರು ಹುಡುಕಿದ್ದು ನಮ್ಮ ದೇಶವನ್ನಂತೆ. ಸಿಕ್ಕವರು ಬೇರೆಯವರು. ಸಿಕ್ಕವರಿಗೇ ಇಂಡಿಯನ್ನರು ಅಂತ ನಮ್ಮ ಹೆಸರಿಟ್ಟು ಕೂತರು. ತಪ್ಪಾಯಿತು ಅಂತ ಗೊತ್ತಾದ ಮೇಲೂ ತಿದ್ದಲಿಲ್ಲ. ಅಷ್ಟಕ್ಕೇ ನನಗೆ ಮೈ ಉರಿಯತೊಡಗಿತ್ತು.

ಒಂದು ದಿನ ಮಾಸ್ತರು ಓದುತ್ತಾ ಓದುತ್ತಾ ನಿಂತರು. "ಇದನ್ನ ಕೇಳವ್ವ. ಆ ಮಂದಿ ಕಾಗದ ನಂಬತಿದ್ದಿಲ್ಲ. ಎಲ್ಲಾರೂ ಸುತ್ತ ಕುಂತು ಒಂದಾ ಚಿಲುಮಿ ಸೇದಿದ್ರು ಅಂದ್ರ ಮಾತು ಆತು. ಅವರ ದೇವರ ಮುಂದ ಆದ್ಹಂಗ. ಬಿಳಿ ಮಂದಿನೂ ಕುಂತು ಸೇದಿದ್ರು. ಆಮ್ಯಾಲೆ ಕಾಗದ ಮುಂದಿಟ್ಟು, ಇಲ್ಲೊಂದು ಗುರುತು ಹಾಕ್ರಿ ಅಂದ್ರು. ಓದಾಕ ಬರದವರು ಕತ್ರಿಯಂಗ ಎರಡು ಗೀಟು ಎಳದ್ರು. ಹುಲ್ಲು ಬೆಳಿಯೋತನ, ನೀರು ಹರಿಯೋತನ ಉಳಿದ ಭೂಮಿ ನಿಮ್ದಾ ಅಂತ ಮಾತು ಕೊಟ್ಟಿದ್ರು. ಹುಲ್ಲೂ ಬೆಳೀತು, ನೀರೂ ಹರೀತು. ಭೂಮಿ ಮಾತ್ರ ಹೋತು."

"ಚಿಲುಮಿ ಸೇದಿದ ಬಿಳಿ ಮಂದಿಗೆ ಏನೂ ಆಗಲಿಲ್ಲೇನ್ರಿ?" ಅಂದೆ.

"ಏನಾಗಬೇಕಿತ್ತವ್ವ?"

"ಸುಳ್ಳು ಸೇದಿದ್ರಲ್ರೀ."

ಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆಗಲಿಲ್ಲ. ಊರು ಕಟ್ಟಿದ್ರು, ರೈಲು ಹಾಕಿದ್ರು, ಈಗ ಚಂದ್ರನ ಮ್ಯಾಲೆ ಹೋಗ್ಯಾರ," ಅಂದರು.

ಅವತ್ತು ಸಿಂಧನೂರಿನಿಂದ ಗೊರೇಬಾಳಕ್ಕೆ ನಡೆದು ಬರುವಾಗ ದಾರಿಯುದ್ದಕ್ಕೂ ಬಾಯಲ್ಲಿ ಬೈಗುಳ ಬಿಟ್ಟು ಬೇರೆ ಇರಲಿಲ್ಲ. ಯಾರಿಗೆ ಬೈಯುತ್ತಿದ್ದೆನೋ, ಅಮೆರಿಕದವರಿಗೋ ಗೋಪಣ್ಣನಿಗೋ, ನನಗೇ ಗೊತ್ತಾಗಲಿಲ್ಲ. ಮನೆಗೆ ಬಂದವಳೇ ಅಪ್ಪನ ಕಾಗದ ಕೇಳಿದೆ. ಅದು ಜಗುಲಿಯ ಮೇಲೆ, ದೇವರ ಪೆಟ್ಟಿಗೆಯ ಅಡಿಯಲ್ಲಿತ್ತು. ಹತ್ತು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ನಾನು ಅಕ್ಷರ ಕಲಿತವಳು ಕೂಡ ಬಿಚ್ಚಿರಲಿಲ್ಲ, ಅದು ದೇವರ ಸಾಮಾನು ಅನ್ನುವಂತೆ ಬಿಟ್ಟಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಪ್ಪನ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಈ ದಿವಸ ನನ್ನ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಸದರಿ ಜಮೀನನ್ನು ನಿಮಗೆ ಖರೀದಿಗೆ ಕೊಟ್ಟು ಕಬ್ಜಾ ಬಿಟ್ಟಿರುತ್ತೇನೆ. ನೀವು ಮತ್ತು ನಿಮ್ಮ ವಂಶಸ್ಥರು ಸೂರ್ಯಚಂದ್ರರಿರುವ ತನಕ ಅನುಭವಿಸಿಕೊಂಡು ಬರತಕ್ಕದ್ದು. ಕೆಳಗೆ ಅಪ್ಪನ ಹೆಬ್ಬೆಟ್ಟು, ನೀಲಿ ಶಾಯಿಯಲ್ಲಿ, ಒಂದು ಗೆರೆಯೂ ಅಳಿಸದಂತೆ ಸ್ಪಷ್ಟ.

"ತಿಳೀತೇನಪ್ಪ? ಐದು ವರ್ಷಕ್ಕ ಉಣ್ಣಾಕ ಕೊಟ್ಟ ಕೌಲು ಅಂತ ಎಲ್ಲೂ ಇಲ್ಲ. ಮಾರೀನಿ ಅಂತ ಬರದೈತಿ."

ಅಪ್ಪ ಬೀಡಿಯ ಬೂದಿ ಝಾಡಿಸಿದ. "ಅದು ಸರ್ಕಾರದ ಕಾಗದವ್ವ. ಅವರು ಹಂಗಾ ಬರೀತಾರ. ನಮ್ಮ ಮಾತು ಬ್ಯಾರೆ ಐತಿ."

"ಯಾರು ಕೇಳ್ತಾರ ನಿನ್ನ ಮಾತು?"

"ಮೈಲಾರಲಿಂಗ ಕೇಳ್ಯಾನ. ಕೊಡ್ತಾನ ತಡಿ."

ಎದ್ದು ಹೋಗಿ ಹಿತ್ತಲಲ್ಲಿ ಕೂತು ಅತ್ತೆ. ದುಃಖಕ್ಕಲ್ಲ. ಈ ಮನುಷ್ಯನಿಗೆ ಮೋಸ ಮಾಡುವುದು ಎಷ್ಟು ಸುಲಭ, ಕೂಸಿನ ಕೈಯಲ್ಲಿಯ ಬೆಲ್ಲ ಕಸಿದಂತೆ, ಅನ್ನುವುದಕ್ಕೆ ಅತ್ತೆ. ಆ ರಾತ್ರಿ ಊಟವನ್ನೂ ಮಾಡದೆ ಮಲಗಿದೆ.

ಮರುದಿನ ಶೇಖರಮ್ಮನ ಕೈಯಲ್ಲಿ ನಾಲ್ಕನೇ ಚಾರ್ಟು ಬರೆಸಿದೆ. ಎಡಕ್ಕೆ ಅಮೆರಿಕದ ಕಾಗದ, ಅದರ ಕೆಳಗೆ ಕತ್ತರಿ ಗುರುತು. ಬಲಕ್ಕೆ ನಮ್ಮ ಕಾಗದ, ಅದರ ಕೆಳಗೆ ಅಂಗೈಯಷ್ಟು ದೊಡ್ಡ ಹೆಬ್ಬೆಟ್ಟು. ಎಡಕ್ಕೆ ಚಿಲುಮೆಯ ಚಿತ್ರ, ಬಲಕ್ಕೆ ಭಂಡಾರದ ಬಟ್ಟಲು. ಕೆಳಗೆ ದಪ್ಪಕ್ಷರದಲ್ಲಿ ನಾನೇ ಬರೆದೆ: ಒಲ್ಲೆ ಅಂದವರನ್ನು ಕೊಂದರು. ಉಳಿದವರನ್ನು ಒಣ ಭೂಮಿಗೆ ಅಟ್ಟಿದರು.

ಉಸ್ಮಾನ್‌ಸಾಬ್ ಮಾಸ್ತರು ಅದನ್ನು ನೋಡಿ, ಬಲಗಡೆಯದು ಯಾರ ಕಾಗದ ಅಂತ ನನ್ನಿಂದ ಕೇಳಿ ತಿಳಿದು, ಬಾಗಿಲು ಮುಚ್ಚಿದರು. "ಕರೆಮ್ಮ, ಗೋಪಣ್ಣ ಈಗ ತಾಲೂಕು ಬೋರ್ಡಿನ ಮೆಂಬರ್. ಬಹುಮಾನ ಕೊಡಾಕ ಅವರನ್ನೂ ಕರದಾರ. ನನಗ ಇನ್ನಾ ಎಂಟು ವರ್ಷ ನೌಕರಿ ಐತಿ ಬೇಟಿ."

"ಹಂಗಾರ ಹರೀಲೇನ್ರಿ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮನುಷ್ಯ ಅವರು. ಕೊನೆಗೆ, "ಹೆಸರು ಬರೀಬ್ಯಾಡ. ಊರ ಹೆಸರೂ ಬ್ಯಾಡ. ಉದಾಹರಣೆ ಅಂತ ಇರಲಿ," ಅಂದರು.

ಹೆಸರು ಬರೆಯಲಿಲ್ಲ. ಊರ ಹೆಸರನ್ನೂ ಬರೆಯಲಿಲ್ಲ. ಸರ್ವೆ ನಂಬರು ಬರೆದೆ. ಅದನ್ನು ಬರೆಯಬೇಡ ಅಂತ ಅವರು ಹೇಳಿರಲಿಲ್ಲವಲ್ಲ.

ಲಿಂಗಸುಗೂರಿಗೆ ಶೇಖರಮ್ಮನನ್ನು ಅವರ ಮನೆಯಲ್ಲಿ ಕಳಿಸಲಿಲ್ಲ, ನನ್ನ ಜೊತೆಗೆ ಅಪ್ಪನೇ ಬಂದ. ವಯಸ್ಸಿಗೆ ಬಂದ ಹುಡುಗಿಯನ್ನು ಒಬ್ಬಳನ್ನೇ ಕಳಿಸುವಂತಿರಲಿಲ್ಲ. ತೊಳೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ಚಾರ್ಟಿನ ಸುರುಳಿಗಳನ್ನು ಕೂಸಿನಂತೆ ಎದೆಗೊತ್ತಿ ಹಿಡಿದು ಬಸ್ಸಿನಲ್ಲಿ ಕೂತಿದ್ದ. ಪಕ್ಕದವರಿಗೆಲ್ಲಾ, "ನಮ್ಮ ಹುಡುಗಿ ಅಮೇರಿಕ ಮಾಡ್ಯಾಳ್ರಿ," ಅಂತ ಹೇಳಿದ್ದೇ ಹೇಳಿದ್ದು. ನಾಲ್ಕನೇ ಚಾರ್ಟಿನಲ್ಲಿ ತಾನೇ ಇದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ.

ದೊಡ್ಡ ಹಾಲಿನಲ್ಲಿ ಸಾಲಾಗಿ ಮೇಜು ಹಾಕಿದ್ದರು. ಮುದಗಲ್ಲಿನ ಹುಡುಗರು ಕೆಸರಿನಲ್ಲಿ ಕೋಟೆ ಕಟ್ಟಿದ್ದರು. ಮಸ್ಕಿಯವರು ಹಲಗೆಯ ಮೇಲೆ ಅಶೋಕನ ಶಾಸನ ಕೆತ್ತಿದ್ದರು. ನಮ್ಮ ಪಕ್ಕದ ಮೇಜಿನಲ್ಲಿ ತುಂಗಭದ್ರೆಯ ಡ್ಯಾಮು, ನಿಜವಾದ ನೀರು ತುಂಬಿದ್ದು, ಗೇಟು ಎತ್ತಿದರೆ ಸಣ್ಣ ಕಾಲುವೆಯಲ್ಲಿ ಹರಿಯುತ್ತಿತ್ತು. ಮಂದಿಯೆಲ್ಲಾ ಅಲ್ಲೇ ಮುತ್ತಿದ್ದರು. ನಾನು ಚಾರ್ಟು ತೂಗುಹಾಕಿ, ಮೇಜಿನ ಮೇಲೆ ಒಂದು ಮಣ್ಣಿನ ಚಿಲುಮೆ ಇಟ್ಟೆ. ಅದರ ಪಕ್ಕಕ್ಕೆ ಮನೆಯ ಜಗುಲಿಯಿಂದ ಅವ್ವನಿಗೂ ಹೇಳದೆ ತಂದಿದ್ದ ಭಂಡಾರದ ಬಟ್ಟಲು ಇಟ್ಟೆ.

ಅಪ್ಪ ಅದನ್ನು ಕಂಡು ಗಾಬರಿಯಾದ. "ದೇವರ ಭಂಡಾರ ಇಲ್ಲಿಗ್ಯಾಕ ತಂದಿ?"

"ತೋರಸಾಕ."

ಚಪ್ಪಲಿ ಬಿಟ್ಟು ಬಟ್ಟಲಿಗೆ ಕೈಮುಗಿದು, ಹಿಂದೆ ಸರಿದು ಗೋಡೆಗೆ ಆತುಕೊಂಡು ನಿಂತ.

ಮಧ್ಯಾಹ್ನ ದೊಡ್ಡವರು ಬಂದರು. ಮುಂದೆ ಬೆಂಗಳೂರಿನ ಕಡೆಯ ಒಬ್ಬ ಅಧಿಕಾರಿ, ಅವರ ಹಿಂದೆ ಮಾಸ್ತರುಗಳು, ಜೊತೆಗೆ ಬಿಳಿ ಜುಬ್ಬಾ ಹಾಕಿದ ಗೋಪಣ್ಣ. ನಾನು ಮೊದಲ ಮೂರು ಚಾರ್ಟುಗಳನ್ನು ಗಿಣಿಯಂತೆ ಒಪ್ಪಿಸಿದೆ. ಅಧಿಕಾರಿ ತಲೆದೂಗಿದರು. ಚಂದ್ರನಿಗೂ ಭೂಮಿಗೂ ಎಷ್ಟು ದೂರ ಅಂತ ಕೇಳಿದರು, ಹೇಳಿದೆ. ಆಮೇಲೆ ನಾಲ್ಕನೆಯದಕ್ಕೆ ಬಂದೆ. ನನ್ನ ದನಿ ಏರಿತು, ಇಳಿಸಲು ನೋಡಿದರೂ ಇಳಿಯಲಿಲ್ಲ. ಚಿಲುಮೆ ಸೇದಿ ಮಾತು ಕೊಟ್ಟದ್ದು, ಕಾಗದದ ಮೇಲೆ ಗೀಟು ಎಳೆಸಿಕೊಂಡದ್ದು, ಮಾತು ನಂಬಿದವರು ಹಾಳಾಗಿ ಹೋದದ್ದು, ಎಲ್ಲಾ ಹೇಳಿದೆ.

"ಬಹಳ ಚೆನ್ನಾಗಿದೆ. ಈ ಹಳದಿ ಪುಡಿ ಏನಮ್ಮ?" ಅಂದರು ಅಧಿಕಾರಿ.

"ಭಂಡಾರ್ರಿ. ಅವರಿಗೆ ಚಿಲುಮಿ ಹೆಂಗೋ, ನಮ್ಮ ಕಡೆ ಇದು ಹಂಗ. ಇದನ್ನ ಮುಟ್ಟಿ ಐದು ವರ್ಷಕ್ಕ ಕೌಲು ಅಂತ ಹೇಳಿ, ಕಾಗದದ ಮ್ಯಾಲೆ ಮಾತ್ರ ಖರೀದಿ ಅಂತ ಬರಸಿಗೊಂಡೋರು ನಮ್ಮ ಕಡೆನೂ ಅದಾರ್ರಿ."

ಗೋಪಣ್ಣ ಚಾರ್ಟಿನ ಹತ್ತಿರ ಬಗ್ಗಿದ. ಸರ್ವೆ ನಂಬರಿನ ಮೇಲೆ ಬೆರಳಿಟ್ಟು ಓದಿದ. ಉಸ್ಮಾನ್‌ಸಾಬ್ ಮಾಸ್ತರು ಕಿಟಕಿಯ ಕಡೆ ತಿರುಗಿದರು. ಗೋಪಣ್ಣ ನೆಟ್ಟಗಾಗಿ ನಕ್ಕ. ಅಂಥ ನಗು ಹಣೆಯಲ್ಲಿ ಬರೆಸಿಕೊಂಡು ಹುಟ್ಟಿರಬೇಕು, ಕಲಿತು ಬರುವುದಲ್ಲ.

"ಲೇ ಗ್ಯಾನಪ್ಪ, ಬಾ ಇಲ್ಲಿ. ಅಲ್ಲೇ ನಿಂತೀಯಲ್ಲ," ಅಂದ. "ಸಾಹೇಬ್ರ, ಇವನು ನಮ್ಮೂರವನೇ, ಈ ಹುಡುಗಿ ಅಪ್ಪ. ನಮ್ಮ ಗದ್ದ್ಯಾಗಾ ಕೆಲಸ ಮಾಡ್ತಾನ. ಹುಡುಗಿ ಚಲೋ ಓದ್ಯಾಳ. ಸ್ವಲ್ಪ ಬಿರುಸು. ಹೇಳೋ ಗ್ಯಾನಪ್ಪ, ನಾ ನಿನ್ನ ಹೊಲ ಮೋಸದಿಂದ ಕಸಗೊಂಡೀನೇನು?"

ಡ್ಯಾಮಿನ ಮುಂದಿದ್ದವರೂ ಈ ಕಡೆ ತಿರುಗಿದರು. ನಾಲ್ಕು ಮಂದಿಯಲ್ಲ, ನಾನೂರು ಮಂದಿ ಇದ್ದರು. ನಾನು ಐದು ವರ್ಷ ಕಾದ ಗಳಿಗೆ ಅದು. ಹೇಳಪ್ಪ ಹೇಳು ಅಂತ ಕಣ್ಣಲ್ಲೇ ಕೂಗಿದೆ.

ಅಪ್ಪ ಕೈಮುಗಿದ. "ಇಲ್ರೀ ಧಣಿ. ಹಂಗೇನಿಲ್ರೀ."

"ಅಂದರೆ ಇದು ಉದಾಹರಣೆಗೆ ಮಾತ್ರ," ಅಂದರು ಅಧಿಕಾರಿ, ಹಗುರಾಗಿ.

ಆಗ ನನಗೆ ಬಂದ ಸಿಟ್ಟು ಗೋಪಣ್ಣನ ಮೇಲಲ್ಲ. ಅಪ್ಪನ ಮೇಲೆ. ಮುಗಿದ ಆ ಎರಡು ಕೈಗಳ ಮೇಲೆ. ಬಟ್ಟಲು ಎತ್ತಿ ಅವನ ಎದೆಯ ಮುಂದೆ ಹಿಡಿದೆ. "ಇದನ್ನ ಮುಟ್ಟಿ ಹೇಳಪ್ಪ," ಅಂದೆ.

ಅಪ್ಪ ಬಟ್ಟಲು ನೋಡಿದ. ನನ್ನನ್ನು ನೋಡಿದ. ಅವನ ಕೈ ಅಲ್ಲೇ ನಿಂತುಬಿಟ್ಟಿತು, ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಮುಟ್ಟದೆ ನಿಂತದ್ದರ ಅರ್ಥ, ಆಗಷ್ಟೇ ಆಡಿದ್ದು ನಿಜವಲ್ಲ ಅಂತ, ಅಲ್ಲಿದ್ದ ನಮ್ಮ ಕಡೆಯ ಮಂದಿಗೆಲ್ಲಾ ಗೊತ್ತಿತ್ತು. ಅಧಿಕಾರಿಗೆ ಗೊತ್ತಿರಲಿಲ್ಲ.

ಗೋಪಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕೈ ಚಾಚಿದ. ಎರಡು ಬೆರಳಲ್ಲಿ ಭಂಡಾರ ಎತ್ತಿಕೊಂಡು ತನ್ನ ಹಣೆಗೆ ಉದ್ದಕ್ಕೆ ಬಳಿದುಕೊಂಡ. "ದೇವರ ಪ್ರಸಾದ ಮುಂದ ಬಂದ್ರ ಯಾರರ ಒಲ್ಲೆ ಅಂತಾರೇನು? ತಗೊಳ್ರಿ ಸಾಹೇಬ್ರ," ಅಂದ. ಅಧಿಕಾರಿಯೂ ಭಕ್ತಿಯಿಂದ ಚೂರು ಹಚ್ಚಿಕೊಂಡರು. ಅವರ ಹಿಂದಿದ್ದವರೂ ಒಬ್ಬೊಬ್ಬರಾಗಿ ಹಚ್ಚಿಕೊಂಡರು. ನನ್ನ ಕೈಯಲ್ಲಿಯ ಬಟ್ಟಲಿನಿಂದಲೇ ಹಚ್ಚಿಕೊಂಡರು. ಹಳದಿ ಹಣೆಯ ಆ ದಿಬ್ಬಣ ಡ್ಯಾಮಿನ ಕಡೆಗೆ ಹೋಯಿತು.

ಅಪ್ಪ ಗೋಪಣ್ಣನ ಹಣೆಯನ್ನೇ ನೋಡುತ್ತಿದ್ದ. ಹತ್ತು ವರ್ಷ ಅವನು ನಂಬಿ ಬದುಕಿದ್ದನ್ನು ಗೋಪಣ್ಣ ನಗುನಗುತ್ತಾ ಬಳಿದುಕೊಂಡು ಹೋಗಿದ್ದ, ಅವನಿಗೆ ಏನೂ ಆಗಿರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಡ್ಯಾಮಿಗೆ ಮೊದಲ ಬಹುಮಾನ ಬಂತು. ನಮಗೆ, ಚಂದ್ರನ ಚಿತ್ರ ಚೆನ್ನಾಗಿದೆ ಅಂತ, ಸಮಾಧಾನಕ್ಕೆ ಒಂದು ಪೆನ್ನು ಕೊಟ್ಟರು. ಅದನ್ನು ಆಮೇಲೆ, ನೀನೇ ಇಟ್ಟುಕೋ ಅಂತ ಶೇಖರಮ್ಮನಿಗೆ ಕೊಟ್ಟೆ. ಉಸ್ಮಾನ್‌ಸಾಬ್ ಮಾಸ್ತರು ನನ್ನ ಹತ್ತಿರ ಬರಲೇ ಇಲ್ಲ, ಮುಂದೆ ಎಂಟು ದಿನ ಶಾಲೆಯಲ್ಲೂ ನನ್ನ ಕಣ್ಣು ತಪ್ಪಿಸಿ ಓಡಾಡಿದರು.

ವಾಪಸ್ ಬರುವಾಗ ಮಸ್ಕಿಯಲ್ಲಿ ಬಸ್ಸು ಅರ್ಧ ತಾಸು ನಿಂತಿತು. ಅಪ್ಪ ಇಳಿದು ಹೋಗಿ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದು, ಬೇವಿನ ಮರದ ಕೆಳಗೆ ನನ್ನ ಮುಂದಿಟ್ಟ. ನಾನು ಮುಟ್ಟಲಿಲ್ಲ.

"ಎಲ್ಲಾರ ಮುಂದ ನನ್ನ ಸುಳ್ಳಿ ಮಾಡಿದಿ," ಅಂದೆ. ಬಸ್ ಸ್ಟ್ಯಾಂಡಿನವರೆಲ್ಲಾ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಂದೆ. "ಒಂದು ಮಾತು ಕೇಳಿದ್ನಿ. ಒಂದಾ ಮಾತು. ಭಂಡಾರ ಮುಟ್ಟಿ ಖರೇ ಹೇಳಾಕ ನಿನಗೇನಾಗಿತ್ತು?"

"ಮುಟ್ಟಿದ್ರ ಖರೇನಾ ಹೇಳಬೇಕಾಗ್ತಿತ್ತು. ನನಗ ಆತನ್ಹಂಗ ಬಳಕೊಳ್ಳಾಕ ಬರಂಗಿಲ್ಲ," ಅಂದ ಅಪ್ಪ.

"ಹೇಳಬೇಕಿತ್ತು."

"ಹೇಳಿದ್ರ ನಾಳೆ ಎಲ್ಲಿಗೆ ಹೋಗೋದು? ಹೇಳದಿದ್ರೂ ನಾಳೆ ನೀರು ಕಟ್ಟಾಕ ಕರಿಯಂಗಿಲ್ಲ. ನೋಡ್ಲಿಲ್ಲೇನು ಆತನ ಕಣ್ಣು." ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಗೋಪಣ್ಣ ನನ್ನ ಹೆಬ್ಬೆಟ್ಟು ಒಂದಾ ಕೇಳಿದ್ದ ಕರೆಮ್ಮ. ನೀ ಇವತ್ತು ನನ್ನ ನಾಲಗಿ ಕೇಳಿದಿ. ಮಂದಿಗೆ ತೋರಸಾಕ."

ಮಾತು ನಾಟಿತು. ಆದರೂ ಸೋಲಲಿಲ್ಲ. ಸೋಲುವ ವಯಸ್ಸಲ್ಲ ಅದು. "ಹಂಗಾರ ಕೈಮುಗಕೊಂತ ಇರು," ಅಂದೆ. "ಸಾಯೋತನ ಕೈಮುಗಕೊಂತ ಇರು."

ಅಪ್ಪನಿಗೆ ಆಗಲೂ ಸಿಟ್ಟು ಬರಲಿಲ್ಲ. ಮಿರ್ಚಿಯ ಎಣ್ಣೆ ಕಾಗದಕ್ಕೆ ಒತ್ತಿ ತೆಗೆದು ನನ್ನ ಕಡೆ ಸರಿಸಿದ.

"ನಿನ್ನ ಆ ಅಮೇರಿಕದ ಮಂದಿಯೊಳಗ ಒಲ್ಲೆ ಅಂದೋರು ಏನಾದ್ರು? ಗೋಡಿಗೆ ನಿಂತು ಕೇಳಿದ್ನಿ, ನೀನಾ ಹೇಳಿದಿ."

"ಕೊಂದ್ರು."

"ಎಲ್ಲಾರನ್ನೂ?"

"ಎಲ್ಲಾರನ್ನೂ ಅಲ್ಲ. ಉಳಿದೋರನ್ನ ಒಣ ಭೂಮಿಗೆ ಅಟ್ಟಿದ್ರು."

"ಅಂದ್ರ ಉಳಿದೋರು ಅದಾರ."

"ಅದಾರ."

"ಅವರು ಆಮ್ಯಾಲೆ ಹೆಂಗ ಇದ್ರು? ಯಾರ ಹೊಲದಾಗ ದುಡದ್ರು, ಏನು ಉಂಡ್ರು, ಮಕ್ಕಳನ್ನ ಹೆಂಗ ಓದಿಸಿದ್ರು? ಅದನ್ನ ಯಾಕ ಬರೀಲಿಲ್ಲ?"

"ಪುಸ್ತಕದಾಗ ಇದ್ದಿಲ್ಲಪ್ಪ."

"ಉಳಿದೋರ ಬಾಳು ಗೊತ್ತಿಲ್ಲ, ಅದಕ್ಕಾ ಮತ್ತ," ಅಂದ ಅಪ್ಪ, "ನನಗ ಮುಟ್ಟು ಅಂದಿ."

ಕಂಡಕ್ಟರ್ ಸೀಟಿ ಊದಿದ. ಅಪ್ಪ ಚಾರ್ಟಿನ ಸುರುಳಿಗಳನ್ನು ಬಗಲಿಗೆ ಏರಿಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದ. ನಾನು ಅವನ ಪಕ್ಕದ ಸೀಟು ಬಿಟ್ಟು ಹಿಂದಿನದರಲ್ಲಿ ಕೂತೆ. ಸಿಂಧನೂರು ಬರುವ ತನಕ ಅವನ ಬೆನ್ನು ನೋಡುತ್ತಾ ಕೂತೆ.